ವೃತ್ತಿ ಎಂಬ ಕಾಲಂ

ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ವಿಳಾಸಗಳ ಕೆಳಗೆ 'ವೃತ್ತಿ' ಎಂದೊಂದು ಕಾಲಂ ಇರುತ್ತದೆ. ಮೂವತ್ತಮೂರು ವರ್ಷ ಅಂತಹ ಅರ್ಜಿಗಳನ್ನು ಓದಿಯೇ ಸಂಸಾರ ಸಾಗಿಸಿದ ನನಗೆ ಆ ಕಾಲಂ ತೊಡಕು ಕೊಟ್ಟದ್ದು ಕಡಿಮೆ. ಅಡಿಕೆ ಕೃಷಿ, ಬೀಡಿ ಕಟ್ಟುವುದು, ಮೀನಿನ ವ್ಯಾಪಾರ, ಹೋಟೆಲು, ಹಂಚಿನ ಕಾರ್ಖಾನೆಯಲ್ಲಿ ನೌಕರಿ, ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್, ಹೀಗೆ ಕರಾವಳಿಯ ಜನ ಮಾಡುವ ಕೆಲಸಗಳೆಲ್ಲ ಆ ಒಂದೂವರೆ ಅಂಗುಲದ ಜಾಗದಲ್ಲಿ ಹಿಡಿಸುತ್ತಿದ್ದವು. ಹಿಡಿಸದೇ ಹೋದ ಒಂದು ಅರ್ಜಿ ಮಾತ್ರ ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ.

2006ರ ಜೂನ್ ತಿಂಗಳ ಒಂದು ಮಧ್ಯಾಹ್ನ, ಮಂಗಳೂರಿನ ಹಂಪನಕಟ್ಟೆಯ ಸಮೀಪದ ನಮ್ಮ ಶಾಖೆಗೆ ಇಪ್ಪತ್ತಾರು ಇಪ್ಪತ್ತೇಳರ ಒಬ್ಬ ಯುವಕ ಬಂದ. ಮಳೆ ಎಷ್ಟು ಜೋರಾಗಿತ್ತೆಂದರೆ ಕೊಡೆಯಿದ್ದೂ ಅವನ ಅಂಗಿಯ ಒಂದು ತೋಳು ಪೂರ್ತಿ ನೆನೆದಿತ್ತು. ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಕಾಗದಗಳು ಒಂದಿಷ್ಟೂ ಒದ್ದೆಯಾಗಿರಲಿಲ್ಲ. ಒಂದು ಒಳ್ಳೆಯ ಕೀಬೋರ್ಡ್ ಮತ್ತು ಒಂದು ಕಂಪ್ಯೂಟರ್ ಕೊಳ್ಳಲು ಅವನಿಗೆ ತೊಂಬತ್ತು ಸಾವಿರ ರೂಪಾಯಿ ಬೇಕಿತ್ತು. ವೃತ್ತಿಯ ಕಾಲಂನಲ್ಲಿ 'ಸಂಗೀತ ರಚನೆ' ಎಂದು ಬರೆದಿದ್ದ. ಹಾಡುತ್ತೀರಾ ಎಂದು ಕೇಳಿದೆ, ಇಲ್ಲ ಎಂದ. ಪಾಠ ಹೇಳುತ್ತೀರಾ ಎಂದೆ, ಅದೂ ಇಲ್ಲ. ಹಾಗಾದರೆ ಹಣ ಎಲ್ಲಿಂದ ಬರುತ್ತದೆ ಎಂಬ ನನ್ನ ಪ್ರಶ್ನೆಗೆ ಅವನು ಬೆರಳು ಮಡಚುತ್ತಾ ಲೆಕ್ಕ ಕೊಟ್ಟ. ಭಾನುವಾರ ಇಗರ್ಜಿಯಲ್ಲಿ ಆರ್ಗನ್ ಮತ್ತು ಗಾಯನ ಮಂಡಳಿಯ ತಯಾರಿ. ಮದುವೆಯ ದಿನಗಳಲ್ಲಿ ರೋಸ್ ಎಂಬ ಮುನ್ನಾದಿನದ ಶಾಸ್ತ್ರ ಮತ್ತು ಆರತಕ್ಷತೆಗಳ ಬ್ಯಾಂಡು. ಒಂದು ತುಳು ನಾಟಕ ತಂಡಕ್ಕೆ ಹಿನ್ನೆಲೆ ಸಂಗೀತ. ಒಂದು ತುಳು ಸಿನಿಮಾದ ಕೆಲಸ, ಅದರ ಹಣ ಇನ್ನೂ ಪೂರ್ತಿ ಬಂದಿಲ್ಲ. ಆಭರಣದ ಅಂಗಡಿಯೊಂದರ ಜಾಹೀರಾತಿಗೆ ಇಪ್ಪತ್ತು ಸೆಕೆಂಡಿನ ಹಾಡು. ಒಂದು ದೇವಸ್ಥಾನದ ಭಕ್ತಿಗೀತೆಗಳ ಸಿ.ಡಿ. ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಈ ನಾಲ್ಕು ವಾದ್ಯಗಳಿಗಾಗಿ ಅರ್ಧ ಗಂಟೆಯ ಒಂದು ರಚನೆಯನ್ನು ಎರಡು ವರ್ಷಗಳಿಂದ ಬರೆಯುತ್ತಿದ್ದೇನೆ, ನುಡಿಸುವವರು ಸಿಕ್ಕಿಲ್ಲ, ಅದರಿಂದ ಆದಾಯವಿಲ್ಲ ಎಂದ. ಆಮೇಲೆ ಕೇಳಿದ: "ಅದನ್ನೂ ಬರೆಯಬೇಕಾ ಸರ್?"

ಬೇಡ ಎಂದೆ. ಅವನು ಬರೆದಿದ್ದ ಎರಡು ಪದಗಳ ಪಕ್ಕದಲ್ಲಿ ನಮ್ಮ ಕಚೇರಿಯ ಸಂಕೇತದ ಪ್ರಕಾರ 'ಇತರೆ' ಎಂದು ಗುರುತು ಹಾಕಿದೆ. ಸಂಬಳದ ಚೀಟಿಯಿಲ್ಲ, ತೆರಿಗೆಯ ಲೆಕ್ಕಪತ್ರವಿಲ್ಲ, ಜಾಮೀನಿಗೆ ಬರಬೇಕಾದ ಮಾವ ಊರಿನಲ್ಲಿಲ್ಲ. ಅರ್ಜಿ ತಿರಸ್ಕೃತವಾಯಿತು. ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಶಾಖಾಧಿಕಾರಿಯ ಶಿಫಾರಸು ಎಂಬ ಇನ್ನೊಂದು ಕಾಲಂ ಕೆಳಗಿತ್ತು, ಅದರಲ್ಲಿ ಎರಡು ಸಾಲು ಬರೆದಿದ್ದರೆ ವಿಷಯ ಬೇರೆಯಾಗಬಹುದಿತ್ತು, ನಾನು ಅದನ್ನು ಖಾಲಿ ಬಿಟ್ಟೆ.

ಟ್ಯಾಕ್ಸಿ, ನಲ್ಲಿ ರಿಪೇರಿ, ಒಪೆರಾ

ನಿವೃತ್ತನಾದ ಮೇಲೆ ಮಗ ಒಂದು ಹೆಡ್‌ಫೋನು ಕೊಡಿಸಿದ. ಯಕ್ಷಗಾನದ ಹಳೆಯ ಧ್ವನಿಮುದ್ರಣಗಳನ್ನು ಹುಡುಕುತ್ತಾ ಹುಡುಕುತ್ತಾ ಎಲ್ಲಿಂದ ಎಲ್ಲಿಗೋ ಹೋಗಿ, ಭಗವದ್ಗೀತೆಯ ಶ್ಲೋಕಗಳನ್ನು ಸಂಸ್ಕೃತದಲ್ಲಿಯೇ ಹಾಡುವ ಒಂದು ಅಮೆರಿಕನ್ ಒಪೆರಾದ, ಅಂದರೆ ಮಾತೆಲ್ಲ ಹಾಡಾಗಿರುವ ಸಂಗೀತ ನಾಟಕದ, ಮುಂದೆ ಬಂದು ನಿಂತೆ. ಅದರ ರಚನಕಾರ ಫಿಲಿಪ್ ಗ್ಲಾಸ್. ಸಂಗೀತಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಅವರ ಜಮಾಖರ್ಚು ಎಂದರೆ ಸಂಗೀತ ಬಲ್ಲವರು ನಗಬಹುದು. ಏನು ಮಾಡುವುದು, ಮನುಷ್ಯರ ಬದುಕನ್ನು ಆದಾಯದ ಕಡೆಯಿಂದ ಓದುವುದು ನನ್ನ ಕಣ್ಣಿಗೆ ಅಂಟಿದ ಅಭ್ಯಾಸ.

1937ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದ ಗ್ಲಾಸ್ ಅವರ ತಂದೆಗೆ ಒಂದು ರೆಕಾರ್ಡ್ ಅಂಗಡಿಯಿತ್ತು. ಮಾರಾಟವಾಗದೆ ಉಳಿದ ರೆಕಾರ್ಡುಗಳನ್ನು ಆ ತಂದೆ ಮನೆಗೆ ತಂದು, ಇವು ಯಾಕೆ ಮಾರಾಟವಾಗಲಿಲ್ಲ ಎಂದು ತಿಳಿದುಕೊಳ್ಳುವ ಸಲುವಾಗಿಯೇ ರಾತ್ರಿ ಕುಳಿತು ಕೇಳುತ್ತಿದ್ದರಂತೆ. ಹಾಗೆ ಉಳಿಯುತ್ತಿದ್ದವುಗಳಲ್ಲಿ ಆ ಕಾಲದ ಹೊಸ ಸಂಗೀತವೇ ಹೆಚ್ಚು. ಕೇಳುತ್ತಾ ಕೇಳುತ್ತಾ ಅವರಿಗೆ ಅದೇ ರುಚಿಸಿತು, ಮಗನ ಕಿವಿಗೂ ಅದೇ ಬಿತ್ತು. ಗಿರಾಕಿ ಒಲ್ಲದ ಸರಕೇ ಮಗನಿಗೆ ಪಾಠವಾಯಿತು. ಯಾವ ಅಂಗಡಿಯ ದಾಸ್ತಾನು ಪಟ್ಟಿಯಲ್ಲಿಯೂ ನಾನು ಇಂತಹ ಲಾಭವನ್ನು ಕಂಡವನಲ್ಲ. ಹದಿನೈದನೆಯ ವಯಸ್ಸಿಗೆ ಷಿಕಾಗೋ ವಿಶ್ವವಿದ್ಯಾಲಯ ಸೇರಿ ಗಣಿತ, ತತ್ತ್ವಶಾಸ್ತ್ರ ಓದಿದ ಹುಡುಗ, ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯ ಖರ್ಚಿಗಾಗಿ ಉಕ್ಕಿನ ಕಾರ್ಖಾನೆಯಲ್ಲಿ ಮೊಳೆಗಳನ್ನು ತೂಗಿ ಲೆಕ್ಕ ಬರೆಯುವ ಕೆಲಸ ಮಾಡಿದ. ಆಮೇಲೆ ಪ್ಯಾರಿಸಿನಲ್ಲಿ ನಾದಿಯಾ ಬುಲಾಂಜೆ ಎಂಬ ಕಠಿಣ ಗುರುವಿನ ಬಳಿ ಎರಡು ವರ್ಷ ಸಾಧನೆ. ಇಷ್ಟೆಲ್ಲ ಶಿಕ್ಷಣ ಮುಗಿಸಿ ಬಂದವರಿಗೆ ನ್ಯೂಯಾರ್ಕಿನಲ್ಲಿ ದೊರೆತ ಕೆಲಸಗಳೆಂದರೆ ಮನೆ ಸಾಮಾನು ಸಾಗಿಸುವುದು, ನಲ್ಲಿ ಮತ್ತು ಪೈಪಿನ ರಿಪೇರಿ, ಟ್ಯಾಕ್ಸಿ ಓಡಿಸುವುದು. ಸಾಮಾನು ಸಾಗಿಸುವ ಆ ಪುಟ್ಟ ಉದ್ಯಮದಲ್ಲಿ ಅವರ ಪಾಲುದಾರರಾಗಿದ್ದವರು ಸ್ಟೀವ್ ರೈಕ್, ಮುಂದೆ ಅಷ್ಟೇ ಪ್ರಸಿದ್ಧರಾದ ಇನ್ನೊಬ್ಬ ರಚನಕಾರರು.

1976ರ ನವೆಂಬರ್‌ನಲ್ಲಿ, ನಿರ್ದೇಶಕ ರಾಬರ್ಟ್ ವಿಲ್ಸನ್ ಜೊತೆ ಸೇರಿ ಮಾಡಿದ, ನಡುವೆ ಬಿಡುವಿಲ್ಲದೆ ನಾಲ್ಕೂವರೆ ಐದು ಗಂಟೆ ನಡೆಯುವ 'ಐನ್‌ಸ್ಟೈನ್ ಆನ್ ದ ಬೀಚ್' ಎಂಬ ಒಪೆರಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಭವನದಲ್ಲಿ ಎರಡು ಭಾನುವಾರ ನಡೆಯಿತು. ಟಿಕೆಟುಗಳೆಲ್ಲ ಖರ್ಚಾದವು. ಆದರೂ ಲೆಕ್ಕ ಮುಗಿದಾಗ ಉಳಿದದ್ದು ಒಂದು ಲಕ್ಷ ಡಾಲರಿನ ಹತ್ತಿರದ ಸಾಲ. ಗ್ಲಾಸ್ ಮತ್ತೆ ಟ್ಯಾಕ್ಸಿ ಹತ್ತಿದರು. ಆ ದಿನಗಳಲ್ಲಿ ಟ್ಯಾಕ್ಸಿಯಲ್ಲಿ ಕುಳಿತ ಒಬ್ಬ ಮಹಿಳೆ ಚಾಲಕನ ಹೆಸರಿನ ಫಲಕ ನೋಡಿ, ಬಹಳ ಪ್ರಸಿದ್ಧ ರಚನಕಾರರೊಬ್ಬರದೂ ಇದೇ ಹೆಸರು ಎಂಬುದು ನಿಮಗೆ ಗೊತ್ತೇ ಎಂದು ಕೇಳಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಇನ್ನೊಮ್ಮೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರ ಜೋಡಿಸುತ್ತಿದ್ದಾಗ, ಆ ಮನೆಯ ಯಜಮಾನ, ಕಲಾ ವಿಮರ್ಶಕ ರಾಬರ್ಟ್ ಹ್ಯೂಸ್, ಇವರ ಗುರುತು ಹಿಡಿದು ಗಾಬರಿಯಾದರು. ನೀವು ಕಲಾವಿದರಲ್ಲವೇ ಎಂದರು. ಕಲಾವಿದನೂ ಹೌದು, ನಲ್ಲಿ ಕೆಲಸದವನೂ ಹೌದು, ಈಗ ಕೆಲಸ ಮುಗಿಸಲು ಬಿಡಿ ಎಂಬ ಅರ್ಥದ ಉತ್ತರ ಬಂತು. ಒಪೆರಾ ಬರೆಯಲು ಹಾಲೆಂಡಿನಿಂದ ಕೋರಿಕೆ ಬಂದು, ಟ್ಯಾಕ್ಸಿಯನ್ನು ಕೊನೆಗೂ ಬಿಡುವ ಹೊತ್ತಿಗೆ ಅವರಿಗೆ ನಲವತ್ತೊಂದು ವರ್ಷ.

1976ರ ಡಿಸೆಂಬರಿನಲ್ಲಿ ಅವರ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದ್ದೇನೆ. ವಯಸ್ಸು ಮೂವತ್ತೊಂಬತ್ತು, ಸಾಲ ಲಕ್ಷ ಡಾಲರು, ಉದ್ಯೋಗ ಟ್ಯಾಕ್ಸಿ ಚಾಲಕ. ಟ್ಯಾಕ್ಸಿ ಕೊಳ್ಳಲು ಎಂದಿದ್ದರೆ ಕೊಡುತ್ತಿದ್ದೆ.

ಹಾಗೆಂದು ಅವರನ್ನು ಲೋಕವ್ಯವಹಾರ ತಿಳಿಯದ ಕಲಾವಿದ ಎಂದು ಭಾವಿಸಿದರೆ ತಪ್ಪಾಗುತ್ತದೆ. 1968ರಲ್ಲಿ ತಮ್ಮದೇ ಒಂದು ವಾದ್ಯಮೇಳ ಕಟ್ಟಿಕೊಂಡ ಗ್ಲಾಸ್, ಆ ಮೇಳಕ್ಕಾಗಿ ಬರೆದ ಸ್ವರಲಿಪಿಯನ್ನು ಬಹಳ ಕಾಲ ಬೇರೆ ಯಾರಿಗೂ ಕೊಡಲಿಲ್ಲ. ಈ ಸಂಗೀತ ಬೇಕಾದವರು ಇದೇ ಮೇಳವನ್ನು ಕರೆಸಬೇಕು. ವೀಳ್ಯ ಕೊಟ್ಟು ಯಕ್ಷಗಾನದ ಆಟ ಆಡಿಸುವ ನಮ್ಮವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಪತ್ತನಾಜೆಯ ನಂತರ

ನಾನು ಹುಟ್ಟಿದ್ದು ಕೋಟದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ಒಬ್ಬ ಮದ್ದಳೆಗಾರರ ಮನೆ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳದೊಂದಿಗೆ ಹೊರಟರೆ ಮತ್ತೆ ಅವರು ಊರಿನಲ್ಲಿ ಕಾಣಿಸುತ್ತಿದ್ದುದು ಮಳೆ ಹಿಡಿಯುವ ಹೊತ್ತಿಗೆ. ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಚಿಕ್ಕಮೇಳ ಎಂಬ ಪುಟ್ಟ ತಂಡ ಕಟ್ಟಿಕೊಂಡು ಮನೆ ಮನೆಗೆ ಹೋಗುವುದು ಈಗ ಎಲ್ಲರಿಗೂ ಗೊತ್ತು. ಈ ಮದ್ದಳೆಗಾರರು ಮಾತ್ರ ಮಳೆಗಾಲವಿಡೀ ಪೇಟೆಯ ದಿನಸಿ ಅಂಗಡಿಯ ಜಗಲಿಯಲ್ಲಿ ಕುಳಿತು ಕೊಡೆ ರಿಪೇರಿ ಮಾಡುತ್ತಿದ್ದರು. ಮುರಿದ ಕಡ್ಡಿ ಕಟ್ಟಿ, ಬಟ್ಟೆಗೆ ಹೊಲಿಗೆ ಹಾಕಿ, ಕೊಡೆಯನ್ನು ಬಿಚ್ಚಿ ಹಿಡಿದು, ಬಟ್ಟೆಯ ಮೇಲೆ ಉಂಗುರ ಬೆರಳಿನಿಂದ ಒಮ್ಮೆ ಮೆಲ್ಲಗೆ ತಟ್ಟುತ್ತಿದ್ದರು. ಬಟ್ಟೆ ಸರಿಯಾಗಿ ಬಿಗಿದಿದೆಯೋ ಇಲ್ಲವೋ ಎಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತೋ ಏನೋ, ಒಮ್ಮೊಮ್ಮೆ ತೃಪ್ತಿಯಾಗದೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದನ್ನು ನಾನು ನೋಡಿದ್ದೇನೆ.

ಇಲ್ಲಿ ಗಮನಿಸಬೇಕಾದದ್ದು ನಮ್ಮ ಮಾತಿನ ರೀತಿ. ಶಾಲೆಗೆ ಹೋಗುವ ದಾರಿಯಲ್ಲಿ ಗಾಳಿಗೆ ಕೊಡೆ ಮಗುಚಿಕೊಂಡರೆ ಅಮ್ಮ, "ಮದ್ದಳೆಗಾರರ ಹತ್ತಿರ ಕೊಟ್ಟು ಬಾ" ಎನ್ನುತ್ತಿದ್ದಳು. ಕೊಡೆ ರಿಪೇರಿಯವರ ಹತ್ತಿರ ಎಂದು ಯಾರೂ ಹೇಳಿದ್ದು ನೆನಪಿಲ್ಲ. ವರ್ಷದ ಆರು ತಿಂಗಳು ಅವರ ಗಂಜಿಗೆ ದಾರಿಯಾಗಿದ್ದದ್ದು ಕೊಡೆಯಾದರೂ, ಊರಿನ ಬಾಯಲ್ಲಿ ಅವರ ವೃತ್ತಿ ಮದ್ದಳೆಯೇ. ಅಂತಹ ಊರಿನಿಂದ ಬಂದ ನಾನು, ಬೆರಳು ಮಡಚಿ ಆರು ಕೆಲಸ ಹೇಳಿದ ಯುವಕನ ಹೆಸರಿನ ಮುಂದೆ 'ಇತರೆ' ಎಂದು ಬರೆದೆ. ಇಂಗ್ಲಿಷ್ ಅರ್ಜಿಯ ನಮೂನೆಯನ್ನು ದೂರಿ ಪ್ರಯೋಜನವಿಲ್ಲ. ಅದನ್ನು ತುಂಬಿಸಿದ ಕೈ ಕೋಟದ್ದೇ.

ಅಡ್ಡಗೆರೆ ಅಳಿಸಿದ ಹಾಳೆ

ಸಂಗೀತದ ವಿಷಯಕ್ಕೆ ಬರುತ್ತೇನೆ. ಬುಲಾಂಜೆಯವರ ಬಳಿ ಕಲಿಯುತ್ತಿದ್ದಾಗಲೇ ಗ್ಲಾಸ್ ಅವರಿಗೆ ಪ್ಯಾರಿಸಿನಲ್ಲಿ ಒಂದು ಸಿನಿಮಾ ಕೆಲಸ ಸಿಕ್ಕಿತು. ಸಿತಾರ್ ವಾದಕ ರವಿಶಂಕರ್ ಆ ಚಿತ್ರಕ್ಕೆ ಸಂಗೀತ ಕೊಡುತ್ತಿದ್ದರು. ಅವರು ಹೇಳಿದ್ದನ್ನು ಪಾಶ್ಚಾತ್ಯ ವಾದಕರು ಓದಿ ನುಡಿಸುವಂತೆ ಸ್ವರಲಿಪಿಗೆ ಇಳಿಸುವುದು ಇವರ ಪಾಲಿನ ಕೆಲಸ. ಪಾಶ್ಚಾತ್ಯ ಪದ್ಧತಿಯಂತೆ ನಾಲ್ಕು ನಾಲ್ಕು ಮಾತ್ರೆಗೆ ಅಡ್ಡಗೆರೆ ಎಳೆದು ಬರೆದರೆ, ಗೆರೆಯ ಪಕ್ಕದ ಸ್ವರಕ್ಕೆ ವಾದಕರು ಒತ್ತು ಕೊಡುತ್ತಿದ್ದರು. ತಬಲಾದ ಅಲ್ಲಾ ರಖಾ ತಲೆಯಾಡಿಸಿ, ಹೀಗಲ್ಲ, ಸ್ವರಗಳೆಲ್ಲ ಸಮ ಎನ್ನುತ್ತಿದ್ದರು. ಗೆರೆಯನ್ನು ಅತ್ತ ಇತ್ತ ಸರಿಸಿ ನೋಡಿ ಸಾಕಾಗಿ, ಕೊನೆಗೆ ಗ್ಲಾಸ್ ಗೆರೆಗಳನ್ನೇ ಅಳಿಸಿಬಿಟ್ಟರು. ಆಗ ಅವರ ಕಣ್ಣಿಗೆ ಬಿದ್ದದ್ದು ಎರಡು ಮತ್ತು ಮೂರರ ಚಿಕ್ಕ ಚಿಕ್ಕ ಗುಂಪುಗಳು ಒಂದಕ್ಕೊಂದು ಕೂಡುತ್ತಾ ಒಂದು ದೊಡ್ಡ ಸುತ್ತನ್ನು ತುಂಬುವ ಬಗೆ.

ತಾಳ ಬಲ್ಲವರು ಇದನ್ನು ಓದಿ, ಇದು ಅರ್ಧವೇ ಆಯಿತಲ್ಲ ಎನ್ನುತ್ತಾರೆ. ನಮ್ಮ ತಾಳದಲ್ಲಿ ಕೂಡುವುದಿರುವಂತೆ ಭಾಗಿಸುವುದೂ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಮರಳುವ ಹಂಬಲವಿದೆ. ಗ್ಲಾಸ್ ತೆಗೆದುಕೊಂಡದ್ದು ಕೂಡುವ ಲೆಕ್ಕವೊಂದನ್ನೇ. ಐದು ಸ್ವರದ ಒಂದು ಗುಚ್ಛವನ್ನು ಕೆಲವು ಸಲ ನುಡಿಸಿ, ಆಮೇಲೆ ಒಂದು ಸ್ವರ ಸೇರಿಸಿ ಆರು ಮಾಡಿ, ಇನ್ನೊಂದು ಸೇರಿಸಿ ಏಳು ಮಾಡಿ, ಮತ್ತೆ ಕಳೆಯುತ್ತಾ ಬರುವುದು ಅವರ 1960ರ ದಶಕದ ಕೊನೆಯ ರಚನೆಗಳ ಕ್ರಮ. ಹೊಳೆಯಂತೆ ಅಗಲವಾಗುವ ಸ್ರೋತೋವಹ ಯತಿ, ಹಸುವಿನ ಬಾಲದಂತೆ ಕಿರಿದಾಗುವ ಗೋಪುಚ್ಛ ಯತಿ ಎಂದು ನಮ್ಮ ಶಾಸ್ತ್ರದಲ್ಲಿ ಹೆಸರಿರುವುದನ್ನೇ ಒಂದು ಇಡೀ ಕೃತಿಯಾಗಿ ಹಿಗ್ಗಿಸಿದಂತೆ ನನಗೆ ಕೇಳಿಸುತ್ತದೆ. ಮೃದಂಗದ ಮುಕ್ತಾಯದಲ್ಲಿ ಅರ್ಧ ನಿಮಿಷ ಬೆರಗು ಹುಟ್ಟಿಸುವ ಸಂಗತಿ ಇಪ್ಪತ್ತು ನಿಮಿಷ ನಡೆದರೆ ಕೆಲವರಿಗೆ ಧ್ಯಾನವಾಗುತ್ತದೆ, ಕೆಲವರಿಗೆ ತಲೆನೋವು. ನನಗೆ ಎರಡೂ ಆಗಿದೆ.

ಆದರೆ ವೃತ್ತಿಜೀವನದ ದೃಷ್ಟಿಯಿಂದ ನೋಡಿದರೆ ಆ ಘಟನೆಯಲ್ಲಿ ಇನ್ನೊಂದು ಸಂಗತಿಯಿದೆ. ಅವರ ಇಡೀ ಸಂಗೀತಭಾಷೆಗೆ ಬೀಜ ಬಿದ್ದದ್ದು ಹೊಟ್ಟೆಪಾಡಿಗೆ ಒಪ್ಪಿಕೊಂಡ ಸಿನಿಮಾ ಕೆಲಸದಲ್ಲಿ. ಯಾವುದು ಅಡಿಗೆಮನೆಯ ಖರ್ಚಿಗೆ, ಯಾವುದು ಕಲೆಗೆ ಎಂದು ಗೆರೆ ಎಳೆದಿದ್ದರೆ ಆ ಗೆರೆಯ ತಪ್ಪು ಬದಿಯಲ್ಲಿ ಅದು ಬೀಳುತ್ತಿತ್ತು. ಮುಂದೆ ಅವರು ಹೋದ ದಾರಿ ಎಲ್ಲ ಕಡೆಗೂ ಹರಡಿತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಂಗೀತ, 1990ರಲ್ಲಿ ಅದೇ ರವಿಶಂಕರ್ ಜೊತೆ ಒಂದು ಆಲ್ಬಮ್, ಹಾಲಿವುಡ್ ಚಿತ್ರಗಳು, ರಾಕ್ ಗಾಯಕ ಡೇವಿಡ್ ಬೋವಿಯ ಮೂರು ಆಲ್ಬಮ್‌ಗಳನ್ನು ಆಧರಿಸಿ 1992, 1996 ಮತ್ತು 2019ರಲ್ಲಿ ದೊಡ್ಡ ವಾದ್ಯವೃಂದಕ್ಕಾಗಿ ಮೂರು ಸಿಂಫನಿ. ಮೊದಲನೆಯ ಸಿಂಫನಿ ಬಂದಾಗ ಅವರಿಗೆ ಐವತ್ತೈದು ವರ್ಷ. ಇವೆಲ್ಲ ಒಂದೇ ಮಟ್ಟದವು ಎಂದು ನಾನು ಹೇಳಲಾರೆ. ಕೆಲವು ಸಿನಿಮಾಗಳ ಸಂಗೀತ ಕೇಳಿದರೆ ಒಂದರ ಹಾಳೆ ಇನ್ನೊಂದಕ್ಕೆ ಸೇರಿಕೊಂಡಿತೇ ಎಂದು ಅನುಮಾನ ಬರುವಷ್ಟು ಹೋಲಿಕೆಯಿದೆ. ಪ್ರತಿ ರಾತ್ರಿ ಬೇರೆ ಊರು, ಬೇರೆ ಪ್ರಸಂಗ, ಆದರೆ ಭಾಗವತರದು ಅದೇ ಕಂಠ ಎಂದುಕೊಂಡು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಇಷ್ಟೊಂದು ಬಗೆಗಳ ನಡುವೆ ಓಡಾಡಲು ಅವರಿಗೆ ಸಾಧ್ಯವಾದದ್ದು ಹೇಗೆ ಎಂದು ಯೋಚಿಸಿದಾಗ ನನಗೆ ಹೊಳೆದ ಉತ್ತರ ರಂಗಭೂಮಿ. 1965ರಲ್ಲಿಯೇ ಪ್ಯಾರಿಸಿನಲ್ಲಿ ಅವರು ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್‌ನ ಒಂದು ನಾಟಕಕ್ಕೆ ಸಂಗೀತ ಕೊಟ್ಟಿದ್ದರು. ನ್ಯೂಯಾರ್ಕಿಗೆ ಮರಳಿದ ಮೇಲೆಯೂ ಅವರ ಒಡನಾಟ ನಾಟಕದವರು, ನೃತ್ಯದವರು, ಶಿಲ್ಪಿಗಳೊಂದಿಗೇ ಹೆಚ್ಚು. ನಾಟಕದ ಸಂಗೀತಗಾರ ನನ್ನ ಪ್ರಕಾರ ಇದು ಎಂದು ಹಟ ಹಿಡಿದು ಕೂರುವಂತಿಲ್ಲ. ಈ ದೃಶ್ಯಕ್ಕೆ ಏನು ಬೇಕು ಎಂಬುದೇ ಅಲ್ಲಿನ ಪ್ರಶ್ನೆ. ಇದಕ್ಕೆ ಸಾಕ್ಷಿ ಬೇಕೆಂದರೆ ನಾವು ನ್ಯೂಯಾರ್ಕಿನವರೆಗೆ ಹೋಗಬೇಕಿಲ್ಲ, ಬಿ.ಸಿ. ರೋಡಿನಿಂದ ಸ್ವಲ್ಪ ಒಳಗೆ ಹೋದರೆ ಸಾಕು. 1929ರಲ್ಲಿ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಾಬುಕೋಡಿ ವೆಂಕಟರಮಣ ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಗುಬ್ಬಿ ನಾಟಕ ಕಂಪೆನಿ ಸೇರಿದರು, ಬನಾರಸಿಗೆ ಹೋಗಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಕಲಿತರು, ದೆಹಲಿಯಲ್ಲಿ ನಾಟಕ ಕಲಿತು ಮುಂದೆ ಅದೇ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಕಂಪೆನಿ ನಾಟಕದ ಮಟ್ಟು, ಯಕ್ಷಗಾನದ ಪದ, ಖ್ಯಾಲಿನ ಆಲಾಪ, ತಗಡಿನ ಸದ್ದು ಎಲ್ಲವೂ ಅವರ ರಂಗಸಂಗೀತದಲ್ಲಿ ಒಂದೇ ಚಾಪೆಯ ಮೇಲೆ ಕುಳಿತವು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳಿಗೆ ಉತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಎರಡು ವರ್ಷ ಸಾಲಾಗಿ ಅವರಿಗೇ ಬಂತು. ನಾವು ಅವರನ್ನು ರಂಗನಿರ್ದೇಶಕ ಎನ್ನುತ್ತೇವೆ. ರಚನಕಾರ ಎಂಬ ಪದ ನಮ್ಮ ಬಾಯಿಗೆ ತಟ್ಟನೆ ಬರುವುದಿಲ್ಲ. ವಾಗ್ಗೇಯಕಾರ ಎಂದರೆ ಪುರಂದರದಾಸರು, ತ್ಯಾಗರಾಜರು. ಸಂಗೀತ ನಿರ್ದೇಶಕ ಎಂದರೆ ಸಿನಿಮಾ. ಇವೆರಡರ ನಡುವೆ ನಿಂತವರಿಗೆ ಕನ್ನಡದಲ್ಲಿಯೂ ಕಾಲಂ ಕಿರಿದೇ.

ಮೂವತ್ತು ಸಲ

ಹಾಲೆಂಡಿನವರ ಕೋರಿಕೆಯಿಂದ ಹುಟ್ಟಿದ ಒಪೆರಾ 'ಸತ್ಯಾಗ್ರಹ' 1980ರ ಸೆಪ್ಟೆಂಬರ್‌ನಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲ ಬಾರಿ ಪ್ರದರ್ಶನಗೊಂಡಿತು. ದಕ್ಷಿಣ ಆಫ್ರಿಕಾದ ದಿನಗಳ ಗಾಂಧಿ ಅದರ ನಾಯಕ. ಮೂರು ಅಂಕಗಳ ಮೇಲಿನಿಂದ ಟಾಲ್‌ಸ್ಟಾಯ್, ಟ್ಯಾಗೋರ್, ಮಾರ್ಟಿನ್ ಲೂಥರ್ ಕಿಂಗ್ ಒಬ್ಬೊಬ್ಬರಾಗಿ ನೋಡುತ್ತಿರುತ್ತಾರೆ. ಮಾತೆಲ್ಲ ಭಗವದ್ಗೀತೆಯದು. ತಂತಿವಾದ್ಯ, ಊದುವ ಮರದ ವಾದ್ಯ, ಒಂದು ಆರ್ಗನ್, ಅಷ್ಟೇ, ಕಹಳೆಗಳಿಲ್ಲ, ಚರ್ಮವಾದ್ಯಗಳಿಲ್ಲ. ಕುರುಕ್ಷೇತ್ರವೆಂದರೆ ಚೆಂಡೆ ಎಂದೇ ಬೆಳೆದ ನಮ್ಮ ಕಿವಿಗೆ ಇದು ಮೊದಲು ಹೊಂದುವುದಿಲ್ಲ.

ಕಳೆದ ಆಷಾಢದಲ್ಲಿ ಅದನ್ನು ಅಪ್ಪಯ್ಯನಿಗೆ ಕೇಳಿಸಿದೆ. ಅಪ್ಪಯ್ಯನಿಗೆ ಎಂಬತ್ತೆಂಟು. ಶಾಲೆಯ ಮಾಸ್ತರರಾಗಿ, ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಈಗ ಮಂಗಳೂರಿನ ನಮ್ಮ ಮನೆಯ ಚಾವಡಿಯಲ್ಲಿ ಆರಾಮ ಕುರ್ಚಿಯಲ್ಲಿ ಕುಳಿತು ಮಳೆ ನೋಡುವುದೇ ಕೆಲಸ. ಆರಂಭದ ಸಾಲನ್ನು ಮೂರು ಸಲ ಕೇಳಿದರೂ ಅವರಿಗೆ ಪದ ತಿಳಿಯಲಿಲ್ಲ. ನಾನೇ "ಯೋತ್ಸ್ಯಮಾನಾನವೇಕ್ಷೇಽಹಂ" ಎಂದು ಹೇಳಿಕೊಟ್ಟೆ. "ಓಹೋ, ಅರ್ಜುನನ ಮಾತು" ಎಂದು ನೆಟ್ಟಗೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, "ಇದೆಂತ ಮಾರಾಯ, ಮುಂದೆ ಹೋಗುವುದೇ ಇಲ್ಲವಾ ಇವನು?" ಎಂದರು. ಆದರೆ ನಿಲ್ಲಿಸು ಎನ್ನಲಿಲ್ಲ.

ಕೊನೆಯ ದೃಶ್ಯದಲ್ಲಿ ಗಾಂಧಿ ಒಬ್ಬನೇ ನಿಂತು ಹಾಡುತ್ತಾನೆ. ಕೆಳಗಿನಿಂದ ಮೇಲಕ್ಕೆ ಎಂಟು ಸ್ವರಗಳ ಒಂದು ಆರೋಹಣ, ಅವರೋಹಣವಿಲ್ಲ, ಅದೇ ಮೂವತ್ತು ಸಲ. ಒಳಗಿನಿಂದ ಬಂದ ನನ್ನ ಹೆಂಡತಿ, ಇದು ತೋಡಿ ರಾಗದ ಸ್ವರಗಳಲ್ಲವಾ ಎಂದಳು. ಸ್ವರಗಳೇನೋ ಹನುಮತೋಡಿಯವೇ, ಆದರೆ ಸ್ವರವನ್ನು ತೂಗಿ ಅಲುಗಿಸುವ ಗಮಕವಿಲ್ಲದೆ, ಒರೆಸಿ ಜೋಡಿಸಿಟ್ಟ ಲೋಟಗಳಂತೆ ಒಂದೊಂದಾಗಿ ನಿಲ್ಲುತ್ತವೆ. ಮಾತು "ಬಹೂನಿ ಮೇ ವ್ಯತೀತಾನಿ" ಎಂಬಲ್ಲಿಂದ "ಯದಾ ಯದಾ ಹಿ ಧರ್ಮಸ್ಯ"ದ ಕಡೆಗೆ ಸಾಗುತ್ತದೆ. ಅಪ್ಪಯ್ಯ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಸುತ್ತಿದ್ದರು.

ಮುಗಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ರಾಗದ ಬಗ್ಗೆ ಅಲ್ಲ. "ಇದರಲ್ಲಿ ಅವನ ಹೊಟ್ಟೆ ತುಂಬುತ್ತಿತ್ತಾ?" ಎಂದರು.

"ಇದು ರಂಗಕ್ಕೆ ಬರುವ ಎರಡು ವರ್ಷ ಮೊದಲಿನವರೆಗೂ ಟ್ಯಾಕ್ಸಿ ಓಡಿಸುತ್ತಿದ್ದರಂತೆ, ಅಪ್ಪಯ್ಯ. ನಲ್ಲಿ ರಿಪೇರಿಯೂ ಮಾಡುತ್ತಿದ್ದರು."

"ಮತ್ತೆ? ಮಳೆಗಾಲದಲ್ಲಿ ಎಂತಾದರೂ ಮಾಡಬೇಕಲ್ಲ" ಎಂದರು, ಇದರಲ್ಲಿ ಹೇಳುವಂಥದ್ದೇನಿದೆ ಎಂಬ ಹಾಗೆ. ಆಮೇಲೆ ಬೆರಳಿನ ಗೆಣ್ಣನ್ನು ಬಿಡದೆ, "ನೀನು ಮೂವತ್ತು ಎಂದೆಯಲ್ಲ. ನನಗೆ ಇಪ್ಪತ್ತೊಂಬತ್ತೇ ಸಿಕ್ಕಿತು. ಅವಳು ಬಂದು ತೋಡಿ ಎಂದಳಲ್ಲ, ಆಗ ಒಂದು ತಪ್ಪಿರಬೇಕು. ಇನ್ನೊಮ್ಮೆ ಹಾಕು, ಯಾರೂ ಮಾತಾಡಬೇಡಿ" ಎಂದರು.